ಕತ್ತಿಗೆ ಒಂದು, ಮಂಡಿಗೆ ಇನ್ನೊಂದು: ನೋವಿಗೆ ಯಾವ ಮಸಾಜ್, ಯಾರ ಕೈ?

ನಮ್ಮದು ಶಿಡ್ಲಘಟ್ಟ, ರೇಷ್ಮೆ ಗೂಡಿನ ಊರು. ಬಿಸಿನೀರಿನ ಬೇಸಿನ್ ಮುಂದೆ ದಿನವಿಡೀ ನೂಲು ಬಿಚ್ಚುವವರ ಮನೆಯಲ್ಲಿ ಮೈಕೈ ನೋವಿನ ಮಾತು ಬರದ ಸಂಜೆ ಇಲ್ಲ. ನಾನೂ ಹದಿನಾಲ್ಕು ವರ್ಷ ಆ ಕೆಲಸ ಮಾಡಿದವಳೇ. ನನಗೆ ಬಲ ಹೆಗಲು. ನಮ್ಮ ಅತ್ತೆಗೆ ಮಂಡಿ. ಟೊಮೆಟೊ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಮಾಡುವ ಮೈದುನನಿಗೆ ಸೊಂಟ. ಮೂವರೂ ಒಂದೇ ಎಣ್ಣೆ ತಿಕ್ಕಿಸಿಕೊಂಡೆವು, ಒಬ್ಬರ ಹತ್ತಿರವೇ ಹೋದೆವು. ಒಬ್ಬರಿಗೂ ಸರಿಯಾಗಲಿಲ್ಲ.

ಆಮೇಲೆ ಗೊತ್ತಾಯಿತು, ಮೂರೂ ಬೇರೆ ಬೇರೆ ನೋವು. ಈಗ ಯಾರಾದರೂ "ಎಲ್ಲಿ ಮಸಾಜ್ ಮಾಡಿಸಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ನೋವು ಎಲ್ಲಿದೆ? ಯಾವತ್ತಿನಿಂದ? ಏನು ಮಾಡಿದರೆ ಜಾಸ್ತಿ ಆಗುತ್ತೆ? ಇದಕ್ಕೆ ಉತ್ತರ ಸಿಕ್ಕರೆ ಎಲ್ಲಿಗೆ ಹೋಗಬೇಕು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಸಾಜ್ ನೋವನ್ನು ಬುಡಸಮೇತ ಕೀಳುವುದಿಲ್ಲ. ಕೆಲವು ದಿನ ತಗ್ಗಿಸುತ್ತದೆ, ಅಷ್ಟೇ. ಸೊಂಟ ನೋವಿನ ಬಗ್ಗೆ ನಡೆದಿರುವ ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಹೇಳಿರುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಆ ಕೆಲವು ದಿನಕ್ಕೆ ಬೆಲೆ ಇದೆ. ನೋವು ಇಳಿದಾಗ ಕೈ ಎತ್ತಬಹುದು, ನಡೆಯಬಹುದು, ವ್ಯಾಯಾಮ ಶುರು ಮಾಡಬಹುದು. ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ, ಹೊಸದಾಗಿ ಬಂದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್ ಇಂಥವನ್ನು ನೋಡಿ ಎಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಮಸಾಜ್ ಇದೆ. ಆದರೆ ವ್ಯಾಯಾಮ ಮತ್ತು ತಿಳಿವಳಿಕೆಯ ಜೊತೆಯಲ್ಲಿದೆ. ಹಾಗಾಗಿ ಯಾರ ಹತ್ತಿರ ಹೋದರೂ "ನೋವು ಇಳಿದ ಮೇಲೆ ನಾನೇನು ಮಾಡಬೇಕು?" ಅಂತ ಕೇಳಿ. ಉತ್ತರ ಕೊಡುವವರ ಕೈ ಒಂದು ಮೆಟ್ಟಿಲು ಮೇಲೆ.

ಹೆಗಲು, ಕತ್ತು, ಬೆನ್ನಿನ ಗಂಟು: ಫಿಸಿಯೋಥೆರಪಿ

ನನ್ನ ಹೆಗಲು ನೋಯುತ್ತಿದ್ದುದು ಮುಂಭಾಗದಲ್ಲಿ. ಮನೆಯಲ್ಲಿ ಎಲ್ಲರೂ ಅಲ್ಲೇ ತಿಕ್ಕಿದರು. ಎಳ್ಳೆಣ್ಣೆ, ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ, ಮುಲಾಮು, ಎಲ್ಲ ಆಯಿತು. ರಾತ್ರಿ ಆ ಪಕ್ಕ ಮಲಗುವುದಕ್ಕೂ ಆಗುತ್ತಿರಲಿಲ್ಲ. ಹಿಂದಕ್ಕೆ ಕೈ ತಂದು ಜಡೆ ಹೆಣೆಯುವುದಂತೂ ಬಿಟ್ಟೇಬಿಟ್ಟಿದ್ದೆ. ಮಗಳು ಹೆಣೆಯುತ್ತಿದ್ದಳು.

ಕೊನೆಗೆ ಫಿಸಿಯೋಥೆರಪಿಗೆ ಹೋದೆ. ಅಲ್ಲಿನ ಮೇಡಂ ಮುಂಭಾಗವನ್ನು ಮುಟ್ಟಲೇ ಇಲ್ಲ. ನನ್ನ ಹಿಂದೆ ನಿಂತು, ರೆಕ್ಕೆ ಮೂಳೆಯ ಮೇಲಿನ ಮಾಂಸದಲ್ಲಿ ಹೆಬ್ಬೆರಳಿನಿಂದ ನಿಧಾನವಾಗಿ ಹುಡುಕಿದರು. ಒಂದು ಕಡೆ ಕಡಲೆಕಾಳಿನಷ್ಟು ಗಟ್ಟಿ. ಅಲ್ಲಿ ಒತ್ತಿ ಹಿಡಿದರು.

"ಎಲ್ಲಿ ನೋಯುತ್ತಮ್ಮ?"

"ಮುಂದೆ, ಮೇಡಂ. ತೋಳಿನವರೆಗೂ ಇಳೀತಿದೆ."

ಒತ್ತಿದ್ದು ಹಿಂದೆ, ನೋವು ಮುಂದೆ! ಇಷ್ಟು ದಿನ ನಾವು ತಿಕ್ಕಿದ್ದು ನೋವು ಕಾಣಿಸಿಕೊಂಡ ಜಾಗವನ್ನು, ಹುಟ್ಟಿದ ಜಾಗವನ್ನಲ್ಲ. ಇಂಥ ಜಾಗಕ್ಕೆ ಟ್ರಿಗರ್ ಪಾಯಿಂಟ್ ಅನ್ನುತ್ತಾರೆ. ಅಧ್ಯಕ್ಷ ಕೆನಡಿಯವರಿಗೆ ಚಿಕಿತ್ಸೆ ಕೊಟ್ಟಿದ್ದ ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್, ಯಾವ ಮಾಂಸಖಂಡ ಒತ್ತಿದರೆ ಎಲ್ಲಿ ನೋವು ಮೂಡುತ್ತದೆ ಎಂದು ಮೈಪೂರ್ತಿ ಗುರುತಿಸಿದವರು. ಆ ಗಂಟು ನಿಜಕ್ಕೂ ಏನು ಅನ್ನುವುದರಲ್ಲಿ ಸಂಶೋಧಕರ ನಡುವೆ ಇನ್ನೂ ವಾದ ಇದೆ. ಒತ್ತಿದರೆ ಗಂಟು "ಒಡೆಯುತ್ತದೆ" ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಬಿಗಿ ಸಡಿಲವಾಗುತ್ತದೆ, ಅಷ್ಟು ಸಾಕು.

ಒತ್ತಿದ್ದು ಹತ್ತು ನಿಮಿಷ ಇರಬಹುದು. ಉಳಿದ ಹೊತ್ತೆಲ್ಲ ವ್ಯಾಯಾಮ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ನಡುವೆ ಮಡಿಸಿದ ಟವೆಲ್ ಇಟ್ಟು, ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ಗೋಡೆಗೆ ಕೈಯೂರಿ ತಳ್ಳುವುದು. ಆಮೇಲೆ ನನ್ನ ಕೆಲಸ ಹೇಗೆ ಅಂತ ಕೇಳಿದರು. ಎಳೆ ಹಿಡಿದು ಕೊಡುವುದಕ್ಕೆ ದಿನಕ್ಕೆ ಎಷ್ಟು ಸಲ ಕೈ ಮೇಲೆತ್ತುತ್ತೇನೋ ಲೆಕ್ಕವೇ ಇಲ್ಲ ಎಂದೆ. ಕಾಲಡಿ ಒಂದು ಹಲಗೆ ಹಾಕಿಕೊಂಡು ಎತ್ತರ ಮಾಡಿಕೊಳ್ಳಿ ಎಂದರು. ಅಷ್ಟು ಸಣ್ಣ ವಿಷಯ ಹದಿನಾಲ್ಕು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಒಂದೇ ಜಾಗದ ನೋವು, ಒಂದೇ ರೀತಿಯ ಕೆಲಸದಿಂದ ಬಂದ ನೋವು, ಆಪರೇಷನ್ ಆದಮೇಲಿನ ಬಿಗಿತ, ಇವಕ್ಕೆಲ್ಲ ನನ್ನ ಮೊದಲ ಓಟು ಫಿಸಿಯೋಥೆರಪಿಗೆ. ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿ ಪದವಿ ಓದಿದವರೇ ಎಂದು ಕೇಳಿಕೊಳ್ಳಿ. ನಾಲ್ಕು ವರ್ಷಕ್ಕೂ ಹೆಚ್ಚಿನ ಓದು ಅದು. ಕೆಲವು ಕಡೆ ಬರೀ ಕರೆಂಟ್ ಮಿಷನ್ ಹಚ್ಚಿ ಇಪ್ಪತ್ತು ನಿಮಿಷ ಮಲಗಿಸಿ ಕಳಿಸುತ್ತಾರೆ. ಕೈಯಿಂದ ಮುಟ್ಟಿ ನೋಡುವುದಿಲ್ಲ, ವ್ಯಾಯಾಮ ಹೇಳಿಕೊಡುವುದಿಲ್ಲ. ಅಂಥ ಕಡೆ ದುಡ್ಡು ಕಳೆಯಬೇಡಿ. ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ಇದೆಯಾ ಅಂತ ಮೊದಲು ವಿಚಾರಿಸಿ. ಖರ್ಚು ತುಂಬಾ ಕಡಿಮೆ ಆಗುತ್ತದೆ.

ಹಳೆಯ ಮಂಡಿ ನೋವು: ಆಯುರ್ವೇದದ ಎಣ್ಣೆ, ಕಿಳಿ, ಬಸ್ತಿ

ಅತ್ತೆಗೆ ಅರವತ್ತೆಂಟು. ಮಂಡಿ ಸವೆದಿದೆ ಅಂತ ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಿದ್ದಾರೆ. ಫಿಸಿಯೋಥೆರಪಿಯ ವ್ಯಾಯಾಮಕ್ಕೆ ಅವರು ಒಪ್ಪಲಿಲ್ಲ. "ನೋಯೋ ಕಾಲನ್ನ ಇನ್ನೂ ಆಡಿಸು ಅಂತೀಯಲ್ಲಮ್ಮ" ಅಂದರು. ಅವರಿಗೆ ದಾರಿ ತೆರೆದದ್ದು ಎಲೆ ಕಿಳಿ.

ಅದನ್ನು ಮಾಡುವ ರೀತಿ ನೋಡುವುದಕ್ಕೇ ಚೆನ್ನ. ಲಕ್ಕಿ, ಎಕ್ಕ, ಹರಳು, ಹುಣಸೆ, ನುಗ್ಗೆ ಹೀಗೆ ಸಿಗುವ ಎಲೆಗಳನ್ನು ಹೆಚ್ಚಿ, ತೆಂಗಿನ ತುರಿ, ನಿಂಬೆ ಹೋಳು ಸೇರಿಸಿ ಎಣ್ಣೆಯಲ್ಲಿ ಹುರಿಯುತ್ತಾರೆ. ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ. ಆ ಗಂಟನ್ನು ಬಿಸಿ ಎಣ್ಣೆಯ ಬಾಣಲೆಯಲ್ಲಿ ಒತ್ತಿ, ಮೊದಲು ತಮ್ಮ ಅಂಗೈ ಹಿಂಭಾಗಕ್ಕೆ ತಾಗಿಸಿ ನೋಡಿಕೊಂಡು, ಆಮೇಲೆ ಮಂಡಿಯ ಸುತ್ತ ಒತ್ತುತ್ತಾರೆ. ಒಂದು ಆರುವ ಹೊತ್ತಿಗೆ ಇನ್ನೊಂದು ಸಿದ್ಧ. ಲಕ್ಕಿ ಸೊಪ್ಪಿನ ವಾಸನೆ ಕೋಣೆ ತುಂಬಾ. ಅತ್ತೆ ಅಲ್ಲೇ ನಿದ್ದೆ ಹೋಗುತ್ತಿದ್ದರು.

ಬಸ್ತಿ ಬೇರೆ. ಉದ್ದಿನ ಹಿಟ್ಟನ್ನು ಕಲಸಿ ಮಂಡಿಯ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ. ಮಂಡಿಗೆ ಮಾಡಿದರೆ ಜಾನುಬಸ್ತಿ, ಸೊಂಟಕ್ಕೆ ಮಾಡಿದರೆ ಕಟಿಬಸ್ತಿ. ಅಭ್ಯಂಗ ಅಂದರೆ ಮೈಗೆಲ್ಲ ಎಣ್ಣೆ ಹಚ್ಚಿ ನೀವುವುದು. ಮಂಡಿಯ ಬಿಗಿತಕ್ಕೆ ಕಿಳಿ, ಸೊಂಟದ ಹಳೆಯ ನೋವಿಗೆ ಬಸ್ತಿ, ನಿದ್ದೆ ಬಾರದ ಮೈನೋವಿಗೆ ಅಭ್ಯಂಗ. ನನ್ನ ಅನುಭವದಲ್ಲಿ ಹೀಗೆ ಹೊಂದುತ್ತದೆ.

ಸವೆದ ಮಂಡಿ ಇದರಿಂದ ಮತ್ತೆ ಬೆಳೆಯುವುದಿಲ್ಲ. ಬೆಳೆಯುತ್ತದೆ ಎಂದು ಹೇಳುವವರ ಹತ್ತಿರ ಹೋಗಬೇಡಿ. ಅತ್ತೆಗೆ ಆಗಿದ್ದು ಇಷ್ಟು: ಒಂದು ವಾರ ನೋವು ಇಳಿಯಿತು, ಧೈರ್ಯ ಬಂತು, ಆ ಧೈರ್ಯದಲ್ಲಿ ಕುರ್ಚಿಯ ಮೇಲೆ ಕೂತು ಕಾಲು ನೀಡುವ ವ್ಯಾಯಾಮ ಶುರು ಮಾಡಿದರು. ತೊಡೆಯ ಮುಂದಿನ ಮಾಂಸಖಂಡ ಗಟ್ಟಿಯಾದ ಹಾಗೆಲ್ಲ ಮಂಡಿಗೆ ಭಾರ ಕಡಿಮೆ. ಈಗ ಕಿಳಿ ಇಲ್ಲದೆಯೂ ನಡೆಯುತ್ತಾರೆ.

ಶುಗರ್ ಇರುವವರು ಮಾತ್ರ ಎಚ್ಚರ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಬಿಸಿ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ, ಬೊಬ್ಬೆ ಏಳುತ್ತದೆ. ಗಾಯ ಬೇಗ ಮಾಯುವುದೂ ಇಲ್ಲ. ಬಿ.ಎ.ಎಂ.ಎಸ್., ಅಂದರೆ ಆಯುರ್ವೇದ ಪದವಿ ಓದಿದ ವೈದ್ಯರು ನೋಡಿ ಬರೆದುಕೊಟ್ಟ ಮೇಲೆ ಮಾಡಿಸಿ. ಬೆಂಗಳೂರಿಗೆ ಹೋಗಿಬರುವ ಶಕ್ತಿ ಇದ್ದವರಿಗೆ ಧನ್ವಂತರಿ ರಸ್ತೆಯಲ್ಲಿ ಜಯಚಾಮರಾಜೇಂದ್ರ ಸರ್ಕಾರಿ ಆಸ್ಪತ್ರೆ ಇದೆ.

ಮಂಡಿ ನೋವಿನ ಮಾತು ಬಂದಾಗ ನಮ್ಮ ಸೀಮೆಯವರು ನೀರಿನ ಬಗ್ಗೆ ಯೋಚಿಸಲೇಬೇಕು. ಬಾಗೇಪಲ್ಲಿ ಕಡೆ, ಅತ್ತ ಪಾವಗಡ ಕಡೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಜಾಸ್ತಿ ಇದ್ದರೆ ಕೀಲು, ಬೆನ್ನು ಮರದ ಹಾಗೆ ಬಿಗಿಯುತ್ತದೆ. ಕತ್ತು ತಿರುಗದು, ಕುಕ್ಕರಗಾಲಲ್ಲಿ ಕೂರಲಾಗದು. ಇದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಜೋರಾಗಿ ನೀವಿದರೆ, ಬಗ್ಗಿಸಿದರೆ ಅಪಾಯ. ಮೂಳೆ ನೋಡುವುದಕ್ಕೆ ದಪ್ಪ, ಆದರೆ ಪೆಡಸು. ಮನೆಯ ಮಕ್ಕಳ ಹಲ್ಲಿನಲ್ಲೂ ಕಂದು ಪಟ್ಟೆ ಇದ್ದರೆ ಮಸಾಜಿಗೆ ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯುವುದಕ್ಕಷ್ಟೇ ಅಲ್ಲ, ಅಡುಗೆಗೂ ಬಳಸಿ.

ಉಳುಕು: ನೀವುವವರು ಮತ್ತು ಪುತ್ತೂರು ಕಟ್ಟು

ಮೈದುನ ಒಮ್ಮೆ ಬೈಕಿನಿಂದ ಬಿದ್ದು ಕಾಲು ಊದಿಸಿಕೊಂಡ. ಉಳುಕು ಅಂತ ಎಲ್ಲರೂ ಹೇಳಿದರು. ಉಳುಕು ತೆಗೆಯುವವರೊಬ್ಬರ ಹತ್ತಿರ ಮೂರು ದಿನ ನೀವಿಸಿಕೊಂಡ. ಮೂರನೇ ದಿನ ಅವನು ಕೂಗಿದ್ದು ಬೀದಿಗೆ ಕೇಳಿಸಿತು. ನಾಲ್ಕನೇ ದಿನ ಎಕ್ಸ್‌ರೇ ತೆಗೆಸಿದರೆ ಗಿಣ್ಣಿನ ಮೂಳೆಯಲ್ಲಿ ಸೀಳು. ಬಿರುಕು ಬಿಟ್ಟ ಮೂಳೆಯ ಮೇಲೆ ಮೂರು ದಿನ ಬೆರಳು ಆಡಿಸಿದ್ದಾರೆ! ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಹಾಗಾಗಿ ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕಾಲು ಉಳುಕಿದಾಗ ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಗಿಣ್ಣಿನ ಯಾವುದೇ ಒಂದು ಬದಿಯ ಉಬ್ಬು ಮೂಳೆಯನ್ನೇ ಒತ್ತಿದಾಗ ಜೋರು ನೋವಿದ್ದರೆ, ಅಥವಾ ಪಾದದ ಹೊರಬದಿಯ ಮಧ್ಯದಲ್ಲಿರುವ ಮೂಳೆ ಒತ್ತಿದಾಗ ನೋವಿದ್ದರೆ, ಮೊದಲು ಎಕ್ಸ್‌ರೇ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ವೈದ್ಯರು ಮಾಡಿದ ನಿಯಮದ ತಿರುಳು ಇದು. ಈಗ ಎಲ್ಲ ಕಡೆ ಬಳಸುತ್ತಾರೆ. ಎಕ್ಸ್‌ರೇ ಸರಿ ಇದ್ದರೂ ಮೊದಲ ಎರಡು ದಿನ ಶಾಖ ಬೇಡ, ನೀವುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್, ಕಾಲು ದಿಂಬಿನ ಮೇಲೆ. ಆಮೇಲೆ ಹಗುರವಾಗಿ ನೀವಿಸಬಹುದು.

ನೀವುವವರನ್ನೆಲ್ಲ ನಾನು ದೂರುತ್ತಿಲ್ಲ. ಗರಡಿ ಮನೆಯಲ್ಲಿ ಪೈಲ್ವಾನರ ಮೈ ನಾದಿ ಬೆಳೆದ ಉಸ್ತಾದರ ಕೈಗೆ ಮಾಂಸಖಂಡ ಚೆನ್ನಾಗಿ ಗೊತ್ತು. ದಣಿದ ಬೆನ್ನು, ತೊಡೆ, ಮೀನಖಂಡ ಅವರ ಕೈಯಲ್ಲಿ ಹಗುರಾಗುತ್ತದೆ. ಮೂಳೆಗೆ ಏನಾಗಿದೆ ಅಂತ ಮಾತ್ರ ಬೆರಳಿಗೆ ಕಾಣುವುದಿಲ್ಲ.

ಕೋಲಾರ, ಚಿಂತಾಮಣಿ ಕಡೆಯವರು ಮೂಳೆ ಮುರಿದರೆ ಪುತ್ತೂರು ಕಟ್ಟು ಅಂತ ಹೊರಟುಬಿಡುತ್ತಾರೆ. ಆಂಧ್ರದ ತಿರುಪತಿ ಹತ್ತಿರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ್ದಲ್ಲ. ಸೊಪ್ಪಿನ ಮದ್ದು, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ ಹಾಕಿ ಕಟ್ಟುವ, ನೂರು ವರ್ಷಕ್ಕೂ ಹಳೆಯ ಪದ್ಧತಿ. ಸರಳವಾದ, ಜರುಗದ ಮುರಿತಕ್ಕೆ ಅಲ್ಲಿ ವಾಸಿಯಾದವರನ್ನು ನೋಡಿದ್ದೇನೆ. ಎಕ್ಸ್‌ರೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಚರ್ಮ ಹರಿದಿದ್ದರೆ, ಕೀಲಿನೊಳಗೆ ಮುರಿದಿದ್ದರೆ, ಸೊಂಟದ ಮೂಳೆಯಾದರೆ ಆಸ್ಪತ್ರೆಯೇ ಸರಿ. ಕಟ್ಟು ಹಾಕಿದ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಬೆಳಗಿನವರೆಗೆ ಕಾಯಬೇಡಿ. ಆಗಲೇ ಬಿಚ್ಚಿಸಿ, ಆಸ್ಪತ್ರೆಗೆ ಓಡಿ.

ಸೊಂಟ ಹಿಡಿದುಕೊಂಡಾಗ

ಹದಿನೈದು ಕೆ.ಜಿ.ಯ ಟೊಮೆಟೊ ಬಾಕ್ಸು ಎತ್ತಿ ಎತ್ತಿ ಮೈದುನನ ಸೊಂಟ ವರ್ಷಕ್ಕೊಮ್ಮೆಯಾದರೂ ಹಿಡಿದುಕೊಳ್ಳುತ್ತೆ. ಮೊದಲು ವಾರಗಟ್ಟಲೆ ಮಲಗುತ್ತಿದ್ದ. ಅದು ತಪ್ಪು. ಬಿಸಿನೀರಿನ ಚೀಲ, ಹಗುರವಾದ ಎಣ್ಣೆ ಮಸಾಜ್, ಮನೆಯೊಳಗೇ ನಾಲ್ಕಾರು ಸಲ ಓಡಾಟ. ಹೆಚ್ಚಿನವರಿಗೆ ಕೆಲವೇ ವಾರದಲ್ಲಿ ಸರಿಹೋಗುತ್ತದೆ. ಸೊಂಟಕ್ಕಿಂತ ಕಾಲಿನಲ್ಲೇ ಜಾಸ್ತಿ ನೋವು, ಮಂಡಿಯ ಕೆಳಗೆ ಉರಿ, ಜೋಮು ಇದ್ದರೆ ಅದು ನರದ ವಿಷಯ. ಬೆನ್ನು ತುಳಿಸಿಕೊಂಡರೆ ನರ ಬಿಡುವುದಿಲ್ಲ, ಡಾಕ್ಟರಿಗೆ ತೋರಿಸಿ. ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಕೂರುವ ಜಾಗದಲ್ಲಿ ಸ್ಪರ್ಶ ಹೋದರೆ ಅದು ಆವತ್ತೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ.

ಪಾರ್ಲರ್, ಥಾಯ್, ಕಪ್ಪಿಂಗ್

ಸ್ಪಾಗಳಲ್ಲಿ ಮಾಡುವ ಸ್ವೀಡಿಷ್ ಮಸಾಜ್ ಹಗುರ, ಉದ್ದುದ್ದ ನೀವುವುದು. ಡೀಪ್ ಟಿಶ್ಯೂ ಅಂದರೆ ಒತ್ತಡ ಜಾಸ್ತಿ. ಥಾಯ್ ಮಸಾಜಿನಲ್ಲಿ ಬಟ್ಟೆ ಹಾಕಿಕೊಂಡೇ ಇರಬಹುದು, ಎಣ್ಣೆ ಇಲ್ಲ, ಕೈಕಾಲು ಎಳೆದು ಬಗ್ಗಿಸುತ್ತಾರೆ. 2019ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮನಸ್ಸಿಗೆ ಒತ್ತಡ, ನಿದ್ದೆ ಇಲ್ಲ, ಮೈಯೆಲ್ಲ ಬಿಗಿ ಅನ್ನುವವರಿಗೆ ಇವು ಚೆನ್ನ. ಒಂದೇ ಜಾಗದ ಹಟಮಾರಿ ನೋವಿಗೆ ಇಷ್ಟು ದುಡ್ಡು ಕೊಡುವುದು ಬೇಡ.

ಜೋರಾಗಿ ಒತ್ತಿದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಐದಾರು ದಾಟಿದರೆ, ಉಸಿರು ಬಿಗಿಹಿಡಿಯುವ ಹಾಗಾದರೆ, ಬಾಯಿಬಿಟ್ಟು ಹೇಳಿ. ಮೈ ಬಿಗಿಯಾದರೆ ಮಸಾಜ್ ಮಾಡಿಸಿ ಏನು ಬಂತು?

ಕಪ್ಪಿಂಗ್ ಅಂದರೆ ಮೈಮೇಲೆ ಬಟ್ಟಲು ಕವುಚಿ ಚರ್ಮವನ್ನು ಮೇಲಕ್ಕೆ ಹೀರಿಸುವುದು. ಅದು 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಮೈಮೇಲಿನ ಗುಂಡು ಗುರುತಿನಿಂದ ಎಲ್ಲರಿಗೂ ಗೊತ್ತಾಯಿತು. ಆ ಗುರುತು ಕೆಟ್ಟ ರಕ್ತ ಅಲ್ಲ, ಚರ್ಮದಡಿಯ ರಕ್ತನಾಳ ಒಡೆದ ಕಲೆ. ಗೀರಿ ರಕ್ತ ತೆಗೆಯುವ ಬಗೆಯನ್ನು ಶುಗರ್ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಟ್ಟುಬಿಡಿ.

ಕತ್ತನ್ನು ಲಟಕ್ ಅಂತ ತಿರುಗಿಸುವುದನ್ನು ಮಾತ್ರ ಯಾರಿಗೂ ನಾನು ಹೇಳುವುದಿಲ್ಲ. ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಜೊತೆ ಸುಮ್ನೆ ಮಾಡಿಬಿಡುತ್ತಾರೆ, ಅಲ್ವಾ? ಕತ್ತಿನ ಮೂಳೆಗಳ ಒಳಗಿಂದ ಮೆದುಳಿಗೆ ರಕ್ತನಾಳ ಹೋಗುತ್ತದೆ. ಅದು ಒಳಗೇ ಹರಿದರೆ ಪಾರ್ಶ್ವವಾಯು. ಅಪರೂಪ, ಆದರೆ ನಮ್ಮ ರಾಜ್ಯದಲ್ಲೇ ಇಂಥದ್ದು ವರದಿಯಾಗಿದೆ. ಕುರ್ಚಿಯಲ್ಲಿ ಕೂತ ತಕ್ಷಣ "ಕತ್ತು ತಿರುಗಿಸಬೇಡಿ ಅಣ್ಣ" ಅಂದುಬಿಡಿ.

ಮನೆಯಲ್ಲೇ

ಒಂದು ಟೆನಿಸ್ ಚೆಂಡನ್ನು ಕಾಲುಚೀಲದೊಳಗೆ ಹಾಕಿ. ಚೀಲದ ತುದಿಯನ್ನು ಹೆಗಲ ಮೇಲಿಂದ ಹಿಡಿದು, ಚೆಂಡು ಬೆನ್ನಿಗೆ ಬರುವ ಹಾಗೆ ಗೋಡೆಗೆ ಒರಗಿ. ನೋಯುವ ಗಂಟು ಸಿಕ್ಕಾಗ ಅರ್ಧ ನಿಮಿಷ ಹಾಗೇ ಇರಿ. ಬೆನ್ನುಮೂಳೆಯ ಮೇಲೆ ಮಾತ್ರ ಬೇಡ. ನನಗೆ ಈಗ ವಾರಕ್ಕೆ ಮೂರು ಸಲ ಇಷ್ಟೇ ಸಾಕು.

ಎಣ್ಣೆ ಯಾವುದಾದರೂ ಆದೀತು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕೈ ಜಾರುವುದು ಮುಖ್ಯ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಮತ್ತೆ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಶ್ವಾಸಕೋಶಕ್ಕೆ ಹೋದೀತು. ಎಡ ಹೆಗಲು, ತೋಳು ನೋವಿನ ಜೊತೆ ಬೆವರು, ಎದೆ ಬಿಗಿತ ಇದ್ದರೆ ಎಣ್ಣೆ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಮೊದಲು ಡಾಕ್ಟರು.

ಎಷ್ಟು ದಿನ ನೋಡಬೇಕು?

ನಾನು ಇಟ್ಟುಕೊಂಡ ಲೆಕ್ಕ ನಾಲ್ಕು ಸಲ. ಮೊದಲ ದಿನವೇ ಹತ್ತು ಸಲದ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಹೋಗುವ ಮುಂಚೆ ನಿಮಗೆ ಆಗದಿರುವ ಒಂದು ಕೆಲಸ ಗುರುತು ಮಾಡಿಕೊಳ್ಳಿ. ನನ್ನದು ಜಡೆ ಹೆಣೆಯುವುದು. ಅತ್ತೆಯದು ಮನೆ ಮುಂದಿನ ಐದು ಮೆಟ್ಟಿಲು. ಮೈದುನನದು ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು. ಪ್ರತಿ ಸಲ ಬಂದ ಮಾರನೇ ದಿನ ಅದನ್ನು ಮಾಡಿ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೇಜಿನ ಮೇಲಿಂದ ಏಳುವಾಗ ಎಲ್ಲರಿಗೂ ಹಗುರ ಅನ್ನಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕು ಸಲ ಆದಮೇಲೂ ಆ ಕೆಲಸ ಒಂದಿಷ್ಟೂ ಸುಲಭವಾಗದಿದ್ದರೆ ಬೇರೆ ಕಡೆ ಹೋಗಿ. ನನ್ನ ಕ್ಯಾಲೆಂಡರಿನಲ್ಲಿ ಮೂರನೇ ಸಲದ ಮುಂದೆ "ಅರ್ಧ ಜಡೆ" ಅಂತ ಬರೆದಿದೆ.